ಸ್ಟೋರ್ ರೂಮಿನ ಕೀಲಿ

ಮೇ ತಿಂಗಳು, ರೂವಿ. ಮೈದಾನಕ್ಕೆ ಬೀಗ.
ನಲವತ್ತಾರು ಡಿಗ್ರಿಯಲ್ಲಿ ಚೆಂಡೂ ಪುಟಿಯಲೊಲ್ಲದು,
ಸುತ್ತ ನಿಂತ ಬೋಳುಗುಡ್ಡಗಳು
ಕಾವಲಿಯ ಹಾಗೆ ಕಾದು ಕೂತಿವೆ.
ಹಾಗಾಗಿ ಪೀಟಿ ಮೇಷ್ಟರಾದ ನನ್ನ ಕೈಯಿಂದ
ಸೀಟಿ ಬಿಡಿಸಿ ಒಂದು ನೀಲಿ ಫೈಲು ಕೊಟ್ಟಿದ್ದಾರೆ:
'ಹದಿಹರೆಯದ ಹುಡುಗರ ಸರ್ವಾಂಗೀಣ ಕ್ಷೇಮ.
ಹತ್ತು ವಾರ, ಹತ್ತು ಚಟುವಟಿಕೆ.'
ಗುರುವಾರ, ಕೊನೇ ಪೀರಿಯಡ್, ಒಂಬತ್ತನೇ ಬಿ.

ಬೆಳಗಿನ ಪಾಳಿ ಹುಡುಗಿಯರದು, ಮಧ್ಯಾಹ್ನದ್ದು ಇವರದು.
ಬೆಂಚಿನ ಸಂದಿಯಲ್ಲಿ ಯಾರದೋ ಹೇರ್‌ಪಿನ್ನು.
ಅದನ್ನೇ ಬಗ್ಗಿಸುತ್ತ, ನೆಟ್ಟಗಾಗಿಸುತ್ತ
ಮೆಲ್ರಾಯ್ ಕ್ರಾಸ್ತಾ ಮೊದಲ ತರಗತಿ ಕಳೆದ.

ಚಟುವಟಿಕೆ ಒಂದು: ಮುಖ ಆರಿಸಿ.
ಹಾಳೆಯಲ್ಲಿ ಹತ್ತು ದುಂಡು ಮುಖ, ನಗುವಿಂದ ಅಳುವಿನ ತನಕ.
ಮೂವತ್ತೊಂದು ಹುಡುಗರೂ ಸುತ್ತು ಹಾಕಿದ್ದು ಐದನೆಯದಕ್ಕೆ,
ಬಾಯಿ ಬರೀ ಗೆರೆಯಾಗಿರುವುದಕ್ಕೆ.
ಕಾಪಿ ಹೊಡೆದದ್ದಲ್ಲ. ನಾನು ನಡುವೆಯೇ ಓಡಾಡುತ್ತಿದ್ದೆ.

ಆಮೇಲಿನ ವಾರ ಉಸಿರು.
ನಾಲ್ಕೆಣಿಸಿ ಒಳಗೆ, ನಾಲ್ಕೆಣಿಸಿ ಹಿಡಿ, ನಾಲ್ಕೆಣಿಸಿ ಬಿಡು.
ಮೂರಕ್ಕೇ ಯಾರೋ ಮೂಗಿನಲ್ಲಿ ನಕ್ಕ.
ನಗು ಬೆಂಚಿಂದ ಬೆಂಚಿಗೆ ಹತ್ತಿಕೊಂಡಿತು.
ಶಮ್ವೀಲ್ ಮಾತ್ರ ನಗಲಿಲ್ಲ: ನಕ್ಕರೆ ಎರಡು ದನಿ ಬರುತ್ತದೆ,
ಒಂದು ಅಪ್ಪನದು, ಒಂದು ತಂಗಿಯದು.
ಅಸೆಂಬ್ಲಿಯಲ್ಲಿ ದನಿ ಒಡೆದ ದಿನದಿಂದ
ಅವನು ಹಾಜರಿಗೂ ಬರೀ ಕೈಯೆತ್ತುತ್ತಾನೆ.

ಮೂರನೆಯದು 'ನಿಮ್ಮ ಭಯಕ್ಕೊಂದು ಪತ್ರ'.
ಪ್ರಜ್ವಿತ್ ಶೆಟ್ಟಿಗಾರ್ ಬರೆದದ್ದು ಬರೀ ಅಂಕಿ:
ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು,
ಕೆಳಗೆ ಕೆಳಗೆ, ಬಾವಿಗೆ ಹಗ್ಗ ಬಿಟ್ಟ ಹಾಗೆ.
ಅವರಪ್ಪನ ಕಂಪನಿ ಮುಚ್ಚಿದ್ದು, ವೀಸಾ ಕ್ಯಾನ್ಸಲಾದದ್ದು
ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು.
ಫೈಲಿನಲ್ಲಿ ಅದಕ್ಕೆ ಚಟುವಟಿಕೆ ಇರಲಿಲ್ಲ.
"ಅಂಕಿ ದುಂಡಗಿವೆ" ಅಂದೆ. ಬೇರೇನು ಅನ್ನಲಿ,
ಲಾಂಗ್ ಜಂಪ್ ಕಲಿಸುವವನು ನಾನು.

ನಾಲ್ಕನೇ ವಾರ ಫೈಲು ಹೇಳಿತು, ನಾನು ಓದಿದೆ:
'ಗಂಡಸರೂ ಅಳಬಹುದು. ಅಳು ದೌರ್ಬಲ್ಯವಲ್ಲ.'
ದಪ್ಪಕ್ಷರ, ಕೆಳಗೆರಡು ಹೂವು.
ಹಿಂದಿನ ಬೆಂಚಿಂದ ಅಫ್ನಾನ್, ಎದ್ದೂ ನಿಲ್ಲದೆ:
"ಸಾರ್, ನೀವು ಕೊನೇ ಸಲ ಅತ್ತಿದ್ದು ಯಾವಾಗ?"

ಪುಟ ತಿರುವಿದೆ. ಉತ್ತರ ಕೊಟ್ಟಿರಲಿಲ್ಲ.
ಏಸಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಊರಿನ ಸಾವೊಂದನ್ನು ಹೇಳಬಹುದಿತ್ತು,
ಒಪ್ಪುವಂಥದು, ಎಲ್ಲರೂ ತಲೆ ತಗ್ಗಿಸುವಂಥದು.
ಬಾಯಿಗೆ ಬಂದದ್ದೇ ಬೇರೆ:

"ಹೋದ ನವೆಂಬರಿನಲ್ಲಿ. ಸ್ಟೋರ್ ರೂಮಿನಲ್ಲಿ.
ಚೆಂಡಿಗೆ ಗಾಳಿ ಹೊಡೀತಿದ್ದೆ, ಸೂಜಿ ಮುರಿದು ಒಳಗೇ ಉಳೀತು.
ಅಷ್ಟೇ. ಹೈಜಂಪ್ ಮ್ಯಾಟಿನ ಮೇಲೆ ಕೂತು
ಗಂಟೆ ಹೊಡೆಯೋ ತನಕ ಅತ್ತೆ.
ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.
ಆಮೇಲೆ ಮುಖ ತೊಳೆದು ನಿಮಗೇ ಕಬಡ್ಡಿ ಆಡಿಸಿದೆ."

ಮೆಲ್ರಾಯ್ ಕೈಯ ಪಿನ್ನು ನಿಂತಿತ್ತು.
"ಸೂಜಿ ತೆಗೆದ್ರಾ ಸಾರ್?"
ಎಲ್ಲರೂ ತಿರುಗಿ ನೋಡಿದರು. ಕೇಳಿದ್ದು ಎರಡು ದನಿ.
"ಇಲ್ಲಪ್ಪ," ಅಂದೆ. "ಅಲ್ಲಾಡಿಸಿದ್ರೆ ಈಗಲೂ ಸದ್ದಾಗುತ್ತೆ."

ಐದನೇ ವಾರ, ಸಮಯದ ನಿರ್ವಹಣೆ.
ಅಂಕಿ ಆಗಲೇ ಹದಿನೈದಕ್ಕೆ ಇಳಿದಿರಬೇಕು.
ಪ್ರಜ್ವಿತ್ ಎದ್ದು ಮೇಜಿನ ಹತ್ತಿರ ಬಂದ.
"ಸಾರ್, ಸ್ಟೋರ್ ರೂಮ್ ಕೀಲಿ. ಹತ್ತು ನಿಮಿಷ."
ಯಾಕೆ ಅಂತ ಕೇಳುವುದು ನಿಯಮ.
ಕೀಲಿ ಕೊಟ್ಟು ಬೋರ್ಡಿಗೆ ತಿರುಗಿದೆ,
ಸಮಯ ಉಳಿಸುವುದು ಹೇಗೆಂದು
ಬೇಕಾದ್ದಕ್ಕಿಂತ ಬಹಳ ಹೊತ್ತು ಬರೆದೆ.

ಅರ್ಧ ಅವಧಿಯ ವರದಿ ಕೇಳಿದ್ದಾರೆ.
ಹಾಜರಿ ಮೂವತ್ತೊಂದು. ಸಾಮಗ್ರಿ ಹಾಳೆ, ಪೆನ್ಸಿಲು.
'ಫಲಿತಾಂಶ'ದ ಕಾಲಮ್ಮು ಅಂಗಳದಷ್ಟು ಅಗಲ.
ಬರೆದಿದ್ದೇನೆ: ಕೀಲಿ ವಾಪಸ್ ಬಂದಿದೆ.

ಬರೆಯದೆ ಬಿಟ್ಟದ್ದು:
ಹತ್ತಲ್ಲ, ಇಪ್ಪತ್ತೆರಡು ನಿಮಿಷ. ಕೀಲಿ ಒದ್ದೆಯಿತ್ತು.
ಮತ್ತೆ, ನೀರಿಗೆಂದು ಹೊರಗೆ ಹೋದ ಅಫ್ನಾನ್
ಅಷ್ಟೂ ಹೊತ್ತು ಆ ಬಾಗಿಲಿಗೆ ಬೆನ್ನು ಕೊಟ್ಟು
ಗೋಲ್‌ಕೀಪರಿನ ಹಾಗೆ ನಿಂತಿದ್ದ,
ಕೈಯಲ್ಲಿ ಖಾಲಿ ಬಾಟಲಿ.