ಹದಿನಾಲ್ಕನೆಯ ಬ್ರೇಕರ್

ಟಾರ್ಚ್ ಹಿಡಿದಿದ್ದವಳು ನಾನು.
ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಏಣಿಯ ಮೇಲೆ ಕ್ಲೈವ್, ಬಾಯಲ್ಲಿ ಎರಡು ಸ್ಕ್ರೂ,
ಕೆಳಗೆ ನಾನು,
ಹೊರಗೆ ಮೊಂಟಾನಾದ ಮಾರ್ಚ್, ಕೊಳೆತ ಹಿಮ,
ಬ್ಯೂಟ್ ಊರಿನ ನೆತ್ತಿಯಲ್ಲಿ
ಕೆಲಸ ನಿಂತ ಗಣಿಯ ಉಕ್ಕಿನ ಗೋಪುರ.

ಅಡುಗೆಮನೆಯ ಗೋಡೆ ಬಿಚ್ಚಿ ಹನ್ನೊಂದು ದಿನ.
ಎಲೆಕ್ಟ್ರಿಷಿಯನ್ ಕೇಳಿದ್ದು ನಾಲ್ಕು ಸಾವಿರ ಡಾಲರ್.
'ತಂತಿಗೆ ತಂತಿ ಸುತ್ತೋಕೆ ನಾಲ್ಕು ಸಾವಿರವೇ?'
ಅಂದ ಕ್ಲೈವ್. ನಾನೂ ನಕ್ಕೆ.
ಆ ನಗುವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೋಡೆಗೆ ಕಿವಿಯಿದೆ ಅನ್ನುತ್ತಾರೆ.
ನಮ್ಮ ಗೋಡೆಗೆ ನರಗಳೂ ಇದ್ದವು:
ನೂರು ವರ್ಷದ ತಂತಿ, ಮೈಗೆ ಬಟ್ಟೆ ಸುತ್ತಿಕೊಂಡು
ಪಿಂಗಾಣಿ ಗುಬುಟಿನಿಂದ ಗುಬುಟಿಗೆ
ಬಟ್ಟೆ ಒಣಹಾಕುವ ಹಗ್ಗದ ಹಾಗೆ;
ಅದಕ್ಕೆ ಐವತ್ತರ ದಶಕದವನೊಬ್ಬ ಗಂಟು ಹಾಕಿ,
ಆ ಗಂಟಿಗೆ ಎಪ್ಪತ್ತರವನು ಅಲ್ಯೂಮಿನಿಯಂ ಕಟ್ಟಿ,
ಮೇಲೆ ಗಾಯದ ಪಟ್ಟಿಯಂತೆ ಟೇಪು.
ಯಾರೂ ಕೆಟ್ಟವರಿರಲಿಕ್ಕಿಲ್ಲ.
ಒಬ್ಬೊಬ್ಬರೂ ಒಂದೊಂದು ಶನಿವಾರ ಉಳಿಸಿಕೊಂಡಿದ್ದರು, ಅಷ್ಟೆ.

ಸೂಚನೆಯೇ ಇರಲಿಲ್ಲ ಅನ್ನಲಾರೆ.
ಬಚ್ಚಲ ದೀಪ ಹಾಕಿದರೆ ಫ್ರಿಜ್ಜು ಗುರುಗುಟ್ಟುತ್ತಿತ್ತು.
ಹೊಸ ಕಪಾಟು ನೇತುಹಾಕಿದ ರಾತ್ರಿ
ಅದರ ಹಿಡಿ ನನ್ನ ಬೆರಳಿಗೆ
ಕೆಂಜಿಗದಂತೆ ಚುರ್ರೆನ್ನಿಸಿತು.
'ಒಣಹವೆ. ಉಣ್ಣೆ ಕಾಲುಚೀಲ,' ಅಂದ.
ಸ್ಕ್ರೂ ಒಂದು ತಂತಿಯ ಹೊಟ್ಟೆ ಹೊಕ್ಕಿದ್ದು
ಆಮೇಲೆ ತಿಳಿಯಿತು.
ಹಗ್ಗ ಕಂಡು ಹಾವೆಂದು ಬೆದರುವವರುಂಟು;
ನಾವು ಹಾವಿನ ಮೇಲೆ
ಪಿಂಗಾಣಿ ಬಟ್ಟಲು ಜೋಡಿಸಿಟ್ಟೆವು.

ನೆಲಮಾಳಿಗೆಯ ಪೆಟ್ಟಿಗೆಯ ಬಾಗಿಲಲ್ಲಿ
ಹಿಂದಿದ್ದವರ ಪೆನ್ಸಿಲ್ ಅಕ್ಷರ:
ಅಡುಗೆಮನೆ. ಬಚ್ಚಲು. ಡಾಟಿಯ ಕೋಣೆ.
ಯಾರೀ ಡಾಟಿ? ಹೇಳುವವರಿಲ್ಲ.
ಹದಿನಾಲ್ಕರ ಮುಂದೆ ಬರೀ ಪ್ರಶ್ನೆ ಚಿಹ್ನೆ.
ಕ್ಲೈವ್ 'ಅಡುಗೆಮನೆ' ಆರಿಸಿ ಮೇಲೆ ಬಂದ.
ಬರೆದದ್ದನ್ನು ನಂಬುವ ಮನುಷ್ಯ,
ಮಾತ್ರೆಯ ಡಬ್ಬಿಯ ಚೀಟಿಯನ್ನೂ ಪೂರ್ತಿ ಓದುವವನು.
ದೀಪ ಆರಿತು.
ಕತ್ತಲಾಯಿತು, ಇನ್ನು ಕರೆಂಟಿಲ್ಲ ಎಂದುಕೊಂಡೆವು.

ಸದ್ದು ದೊಡ್ಡದೇನಲ್ಲ,
ಒದ್ದೆ ಟವೆಲು ಕೊಡವಿದಷ್ಟು.
ನೀಲಿ.
ಆಮೇಲೆ ಬಾಯಿಂದ ಎರಡು ಸ್ಕ್ರೂ, ಒಂದಾದ ಮೇಲೊಂದು, ನೆಲಕ್ಕೆ.
ಅವನು ಮಾತ್ರ ಬೀಳಲಿಲ್ಲ.
ಕೈ ತಂತಿಯನ್ನು ಬಿಡಲೊಲ್ಲದು,
ತಂತಿ ಕೈಯನ್ನು.
ಹಿಡಿದೆಳೆಯಲು ಚಾಚಿದ ನನ್ನ ಕೈ
ಯಾಕೆ ನಡುವೆ ನಿಂತಿತೋ,
ಶಾಲೆಯಲ್ಲಿ ಹೇಳಿಕೊಟ್ಟಿದ್ದೋ, ಹೇಡಿತನವೋ.
ಮರದ ಏಣಿಯನ್ನು ಒದ್ದೆ.

ಬಿದ್ದ. ಎರಡು ಪಕ್ಕೆಲುಬು. ಅಂಗೈಯಲ್ಲಿ ಸುಟ್ಟ ಗೆರೆ.
ಇಕ್ಕಳದ ಬಾಯಲ್ಲಿ ಕರಗಿದ ಅರ್ಧಚಂದ್ರ.
ಕಣ್ಣು ಬಿಟ್ಟು ಬೈದ, ಸೂರು ಹಾರುವಂತೆ ಬೈದ.
ನಮ್ಮ ಮದುವೆಯ ದಿನವೂ
ಅಷ್ಟು ಚೆಂದದ ಮಾತು ಕೇಳಿರಲಿಲ್ಲ.

ಮರುದಿನ ಪಕ್ಕದ ಮನೆಯ ಮಿಲ್ಕಾ ವುಕೋವಿಚ್ ಬಂದಳು,
ಮೂವತ್ತು ವರ್ಷ ಗಣಿಯ ಪಂಪುಗಳಿಗೆ ತಂತಿ ಎಳೆದವಳು.
ಬುದ್ಧಿವಾದ ಹೇಳಲಿಲ್ಲ.
ಜೇಬಿನಿಂದ ಪರೀಕ್ಷೆಯ ದೀಪ ತೆಗೆದು
ಮೊದಲು ಕರೆಂಟಿರುವ ಜಾಗಕ್ಕೇ ಮುಟ್ಟಿಸಿದಳು.
'ತಂತಿ ಸತ್ತಿದೆಯಾ ಅಂತ ಕೇಳೋಕೆ ಮುಂಚೆ
ಕೇಳೋನು ಬದುಕಿದ್ದಾನಾ ನೋಡ್ಕೋಬೇಕು.'
ಆಮೇಲೆ ಒಂದೊಂದೇ ಎಳೆ. ಸಂಜೆಯಾಯಿತು.
ಉತ್ತರದ ಗೋಡೆಗೆ ಉಣಿಸುತ್ತಿದ್ದದ್ದು
ಅದೇ ಹದಿನಾಲ್ಕು.

ಹಳೆಯ ತುಂಡೊಂದರ ಬಟ್ಟೆ ಸುಲಿದು
ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಪಗೆ, ಆಗ ತಾನೆ ಎಳೆದಂತೆ.
'ಇದೇ ಗುಡ್ಡದ ತಾಮ್ರ ಇರಬಹುದು.
ನಿನ್ನ ಮುತ್ತಜ್ಜ ಅಗೆದದ್ದು.'
ಕ್ಲೈವ್ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ.
'ಪರಿಚಯ ಹಿಡಿಯಲಿಲ್ಲವಲ್ಲ,' ಅಂದ.

ನೆಲಮಾಳಿಗೆಗೆ ಇಳಿದು ಪೆನ್ಸಿಲ್ ಹಿಡಿದೆ.
ಪ್ರಶ್ನೆ ಚಿಹ್ನೆಯನ್ನು ಅಳಿಸಲು ಮನಸ್ಸು ಬರಲಿಲ್ಲ.
ಪಕ್ಕದಲ್ಲಿ ಬರೆದೆ: ಅಡುಗೆಮನೆ, ಉತ್ತರದ ಗೋಡೆ.
ತಾರೀಖು ಹಾಕಿದೆ.
ಅದರಡಿಗೆ, ನಾವು ಬಿಟ್ಟುಹೋದ ಮೇಲೆ
ಇಲ್ಲಿ ಟಾರ್ಚ್ ಹಿಡಿದು ನಿಲ್ಲುವವಳಿಗೆ:
ನನ್ನನ್ನೂ ನಂಬಬೇಡ.