ಒಂದು ಹೆಸರು, ಒಂದು ಇಸವಿ

ಓಡಿ, ಅನ್ನುತ್ತಿದ್ದಿರಿ, ಗುಡ್ಡದ ಮೇಲಿನ ಗೋರಿಗಳ ತನಕ.
ಹೋಗಿದ್ದಕ್ಕೆ ಸಾಕ್ಷಿ: ಒಂದು ಹೆಸರು, ಒಂದು ಇಸವಿ.
ಅಂಗೈ ಮೇಲೆ ಬರೆದು ತರಬೇಕು,
ಬೆವರಿಗೆ ಅಳಿಸುವ ಮೊದಲು ಓದಿ ಹೇಳಬೇಕು.
ಕಲ್ಲಿಗೆ ಐವತ್ತು ವರ್ಷವಾದರೂ ಆಗಿರಬೇಕು.
ಹೊಸ ಸಾವು ಮನೆಯವರದ್ದು, ಟ್ರೆವಾರೋ ಮೇಷ್ಟ್ರೇ,
ಅದಕ್ಕೆ ನಾವು ಕೈ ಹಾಕಕೂಡದು ಅನ್ನುತ್ತಿದ್ದಿರಿ.

ಮೊಂಟಾನಾದ ತಾಮ್ರದ ಊರು ನಮ್ಮದು.
ಗಣಿ ಮುಚ್ಚಿತ್ತು. ಗುಂಡಿಯಲ್ಲಿ ತುಕ್ಕಿನ ಬಣ್ಣದ ನೀರು
ವರ್ಷಕ್ಕಿಷ್ಟು ಅಂತ ಏರುತ್ತಿತ್ತು.
ಅಪ್ಪಂದಿರು ಹಗಲಲ್ಲೇ ಮನೆಯಲ್ಲಿರುತ್ತಿದ್ದರು.
ನಾವು ಒಂಬತ್ತು ಜನ, ತೆಳ್ಳನೆ ಚಡ್ಡಿ, ಅಕ್ಟೋಬರಿನ ಹಿಮ,
ಹಿಂದೆ ನಿಮ್ಮ ಹಸಿರು ಪಿಕಪ್ಪು,
ಕಿಟಕಿಯಾಚೆ ಕೈ, ಕೈಯಲ್ಲಿ ಗಡಿಯಾರ,
ಬಾಯಲ್ಲಿ ರೋಮಿನ ಪತನ:
"ಇಳಿಜಾರಲ್ಲಿ ಹುಷಾರು, ಮಿಲ್ಕಾ!
ಏರುವಾಗ ಬಿದ್ದವರು ಕಡಿಮೆ!"

ಮರುದಿನ ಕ್ಲಾಸಿನಲ್ಲಿ ಆ ಹೆಸರುಗಳಿಗೆ ಕೈಕಾಲು ಬರುತ್ತಿತ್ತು.
ಮಿಲ್ಕಾ ತಂದದ್ದು ಓಸ್ಕರ್ ಲಾಕ್ಸೊ, 1909.
ಕಂಪನಿಯ ಕಡತದಲ್ಲಿ ಅವನ ಪಾಲಿಗೆ ಒಂದೇ ಸಾಲು:
ದೀಪ ವಾಪಸು ಬಂದಿಲ್ಲ,
ಕೂಲಿಯಲ್ಲಿ ಎರಡು ಡಾಲರು ಮುರಿದುಕೊಂಡಿದೆ.
ನೀವು ಸೀಮೆಸುಣ್ಣ ಕೆಳಗಿಟ್ಟು ಕನ್ನಡಕ ಒರೆಸತೊಡಗಿದಿರಿ,
ಗಂಟೆ ಹೊಡೆಯುವ ತನಕ ಒರೆಸುತ್ತಲೇ ಇದ್ದಿರಿ.

ನಾನೊಮ್ಮೆ ಕಳ್ಳಾಟ ಆಡಿದೆ.
ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಸಿಗರೇಟು ಸೇದಿ
ಅಂಗೈ ಮೇಲೆ ಗೀಚಿಕೊಂಡೆ: ಜಾಬೆಜ್ ಪೆಂಗೆಲ್ಲಿ, 1904.
ನೀವು ಹುಬ್ಬು ಕೂಡ ಏರಿಸಲಿಲ್ಲ. ಹುಡುಕೋಣ, ಅಂದಿರಿ.
ಇಡೀ ವಾರ ಕ್ಲಾಸಿಗೆ ಕ್ಲಾಸೇ ಪೆಂಗೆಲ್ಲಿಯ ಬೆನ್ನು ಹತ್ತಿತು,
ಚರ್ಚಿನ ದಫ್ತರ, ಆಸ್ಪತ್ರೆಯ ಪಟ್ಟಿ, ಹಡಗಿನ ಪಟ್ಟಿ.
ಇನ್ನೆರಡು ದಿನ ಬಿಟ್ಟಿದ್ದರೆ ಮಿಲ್ಕಾ
ಅವನಿಗೊಬ್ಬ ಹೆಂಡತಿಯನ್ನೂ ಹುಡುಕಿಬಿಡುತ್ತಿದ್ದಳು.
ಶುಕ್ರವಾರ ಪಿಕಪ್ಪಿನ ಬಾಗಿಲಲ್ಲಿ ನಿಂತು ನೆಲ ನೋಡಿದೆ.
"ಇಲ್ಲದವನಿಗೆ ಐದು ದಿನ ಕೊಟ್ಟೆವು," ಅಂದಿರಿ,
"ಇದ್ದವರಿಗೆ ಐದು ಶನಿವಾರ ಕೊಡು."
ಮೆತ್ತನೆಯ ಬ್ರಶ್ಶೊಂದು, ಒಂದು ಬಕೆಟ್ಟು.
ಕಲ್ಲುಗಳ ಪಾಚಿ ತೊಳೆದೆ. ಬೆರಳು ಮರಗಟ್ಟಿ
ಶರ್ಟಿನ ಗುಂಡಿ ಅಮ್ಮನೇ ಬಿಚ್ಚಬೇಕಾಯಿತು.
ಆರನೆಯ ಶನಿವಾರವೂ ಹೋದೆ.
ಯಾಕೆ ಅಂತ ನೀವು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೆದ್ದೆವಾ? ಇಲ್ಲ ಮೇಷ್ಟ್ರೇ. ಒಮ್ಮೆ ರಾಜ್ಯಕ್ಕೆ ನಾಲ್ಕನೆಯವರಾದೆವು,
ಮೂವರಿಗೇ ಪದಕ.
ವಾಪಸು ಬರುವಾಗ ನೀವೇ ಖರ್ಚು ಮಾಡಿ ಪೈ ತಿನ್ನಿಸಿದಿರಿ,
ಗೆದ್ದವರ ಹೆಸರು ನೆನಪಿರೋದು ಗೆದ್ದವರಿಗೆ ಮಾತ್ರ, ಅಂದಿರಿ.
ಅದು ಸುಳ್ಳು ಅಂತ ಆಗಲೇ ಅನ್ನಿಸಿತ್ತು.
ಪೈ ಚೆನ್ನಾಗಿತ್ತು.

ಈಗ ನಾನು ಕೌಂಟಿಯ ಹಿಮ ಸರಿಸುವ ಗಾಡಿ ಓಡಿಸುತ್ತೇನೆ.
ಜನವರಿಯಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ
ನಿಮ್ಮ ಗುಡ್ಡದ ದಾರಿ ಬಿಡಿಸಿದ್ದು ನಾನೇ.
ಎರಡು ಸಲ ಹತ್ತಿದೆ, ಎರಡು ಸಲ ಇಳಿದೆ,
ಇಳಿಜಾರಲ್ಲಿ ಹುಷಾರಾಗಿ.
ಚರ್ಚಿನಲ್ಲಿ ಮನೆಯವರ ಬೆಂಚು ಖಾಲಿಯಿತ್ತು.
ಯಾರೂ ಹೇಳದೆ ಹೋಗಿ ಕೂತೆವು,
ಮೊಣಕಾಲು ಸವೆದ ಆರು ಜನ.

ಸೆಪ್ಟೆಂಬರಿನಲ್ಲಿ ಬ್ರಶ್ಶು ಬಕೆಟ್ಟು ಹಿಡಿದು ಬಂದೆ.
ನಿಮ್ಮ ನಿಯಮ ಶಾಲೆಯಲ್ಲಿ ಇನ್ನೂ ಇದೆ ಅಂತ ಕಾಣುತ್ತದೆ.
ಒಬ್ಬಳು ಹುಡುಗಿ, ಕೆಂಪು ಮೂಗು, ಏದುಸಿರು,
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ನಿಮ್ಮ ಕಲ್ಲಿನ ಮುಂದೆ ನಿಂತಳು. ತುಟಿ ಅಲ್ಲಾಡಿತು.
ಮನಸ್ಸಲ್ಲೇ ಕಳೆದಳು, ತಲೆ ಕೊಡವಿದಳು,
ಹಿಂದಿನ ಸಾಲಿಗೆ ಓಡಿದಳು.

ನಿಮ್ಮ ಕಲ್ಲಿನ ಮೇಲೆ ಉಜ್ಜುವುದಕ್ಕೆ ಇನ್ನೂ ಏನೂ ಬೆಳೆದಿಲ್ಲ.
ಪಕ್ಕದ್ದಕ್ಕೆ ನೀರು ಹಾಕಿದೆ.