ಪೌಂಡು ಗುರುತಿನ ಕನ್ನಡ

ಮಂಡ್ಯದ ತಾಲ್ಲೂಕು ಕಚೇರಿ ಎದುರು, ಕಬ್ಬಿನ ಹಾಲಿನಂಗಡಿ ಪಕ್ಕ
ಎಂಟಡಿ ಅಗಲದ ನನ್ನ ಅಂಗಡಿ. ಬೋರ್ಡಿನ ಮೇಲೆ
ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್; ಕೆಳಗೆ ಸಣ್ಣದಾಗಿ
'ಅರ್ಜಿ ಬರೆದು ಕೊಡಲಾಗುವುದು'.
ಇಪ್ಪತ್ತಾರು ವರ್ಷ ಇಲ್ಲೇ ಕೂತು
ಪ್ರಪಂಚದ ಕಂಪನಿಗಳ ಜಗಳ ನೋಡಿದ್ದೇನೆ,
ಬೀದಿನಲ್ಲಿಯ ಜಗಳ ನೋಡಿದ ಹಾಗೆ:
ಕೊಡ ಯಾರದು ತುಂಬಿತೋ, ನೆಲ ಮಾತ್ರ ಕೆಸರು.

ಹೇಳಿಬಿಡುತ್ತೇನೆ, ಯಾರಿಗಾದರೂ ನೋವಾದರೆ ಆಗಲಿ.
ಸಾಫ್ಟ್‌ವೇರು ಅಂದರೆ ನಾನು ಕೊಂಡುಕೊಂಡ ಕತ್ತರಿ ಅಂತಿದ್ದೆ.
ಈಗ ಕತ್ತರಿಗೆ ತಿಂಗಳ ಬಾಡಿಗೆ.
ಒಂದು ದಿನ ತಡವಾದರೆ
ನಾನೇ ಕೂಡಿಸಿದ ಲಗ್ನಪತ್ರಿಕೆ ನನಗೇ ತೆರೆಯುವುದಿಲ್ಲ;
ಹೆಣ್ಣಿನ ಕಡೆಯವರು ಬಾಗಿಲಲ್ಲಿ,
ಪರದೆಯ ಮೇಲೆ ಸುಮ್ಮನೆ ತಿರುಗುವ ಒಂದು ಚಕ್ರ.
'ಒಪ್ಪುತ್ತೇನೆ' ಅನ್ನುವ ಗುಂಡಿ ಇದೆಯಲ್ಲ,
ನನ್ನ ಮದುವೆಯಲ್ಲಿ ಕೂಡ ಅಷ್ಟು ಸಲ ಯಾರೂ ಕೇಳಿರಲಿಲ್ಲ.
ಒಪ್ಪಲ್ಲ ಅನ್ನೋ ಗುಂಡಿ ಎಲ್ಲಿ ಅಂತ ಹುಡುಕಿದೆ.
ಇತ್ತು. ಒತ್ತಿದರೆ ಅಂಗಡಿ ಮುಚ್ಚಬೇಕು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ.
ಇವರ ಜಗಳದಲ್ಲಿ ಬಡವಾದದ್ದು ಒತ್ತಕ್ಷರ.
ಒಬ್ಬನ ಪೆಟ್ಟಿಗೆಯಲ್ಲಿ ಕೂಡಿಸಿದ್ದು ಇನ್ನೊಬ್ಬನಲ್ಲಿ ತೆರೆದರೆ
ಅರ್ಕಾವತ್ತು ಉದುರುತ್ತದೆ,
ಚಿ. ಸೌ. ವರಲಕ್ಷ್ಮಿ
ಕೈಯೊಂದು ಕಡೆ ಕಾಲೊಂದು ಕಡೆ ಬೀಳುತ್ತಾಳೆ.
ಫೋನು ಮಾಡಿ ಕೇಳಿದೆ ಒಮ್ಮೆ.
ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ.
ಒತ್ತು ಕೇಳಿದವಳಿಗೆ ಒತ್ತಿ ಅಂದರು, ಅಷ್ಟೆ.

ಮೊನ್ನೆ ಸೋಮವಾರ ಹುಲಿವಾನದ ಸಣ್ಣಮ್ಮ ಬಂದಳು.
ಸೊಸೈಟಿ ಪಾಸ್‌ಬುಕ್ಕಿನೊಳಗೆ ಮಡಚಲಾಗದ ಒಂದು ಸಿ.ಡಿ.
'ಎಣ್ಮಕ್ಕಳ ಡೈರಿ ಶುರು ಮಾಡ್ದಾಗ ನೀನೇ ಕಣವ್ವ ಟೈಪ್ ಒಡ್ದಿದ್ದು.
ಈಗಿನ ಸೆಕ್ರೆಟ್ರಿ, ನಾನು ಮೆಂಬ್ರೇ ಆಗಿರ್ನಿಲ್ಲ ಅಂತಾನೆ.'
ನಮ್ಮ ಹುಡುಗ ದರ್ಶಿತ್ ಹಾಕಿ ನೋಡಿದ.
'ಫೈಲು ಕರಪ್ಟ್ ಆಗೈತೆ ಮೇಡಂ.
ನೆಟ್ಟಿದ್ದಿದ್ರೆ ಕನ್ವರ್ಟ್ ಮಾಡ್ಬೋದಿತ್ತು.'
ನೆಟ್ಟು ಎಲ್ಲಿಂದ ಬರಬೇಕು? ನೂರಡಿ ರಸ್ತೆಯಲ್ಲಿ
ಒಬ್ಬ ಅಗೆದು ಇನ್ನೊಬ್ಬನ ಕೇಬಲ್ಲು ಕಡಿದ,
ಅವನು ಅಗೆದು ಇವನದು ಕಡಿದ.
ಇಬ್ಬರ ಜಾಹೀರಾತೂ ಒಂದೇ ಕಂಬದಲ್ಲಿ, ಅತಿ ವೇಗ, ಅತಿ ವೇಗ.

ಕೆಟ್ಟಿಲ್ಲ ಕಣೋ, ಜರುಗು. ಇದು ಹಳೇ ಕನ್ನಡ.
ಹಳಗನ್ನಡವಲ್ಲ, ಎರಡು ಸಾವಿರದ ಮೂರನೇ ಇಸವಿಯದು.
ಆಗ ಕಂಪ್ಯೂಟರಿನೊಳಗೆ ನಮಗೆ ಸ್ವಂತ ಸೈಟಿರಲಿಲ್ಲ;
ಇಂಗ್ಲಿಷಿನ ಮನೆಯಲ್ಲಿ, ಅವರು ಹತ್ತದ ಅಟ್ಟದ ಮೇಲೆ
ನಮ್ಮಕ್ಷರದ ವಾಸ.
'ನ' ಇರಬೇಕಾದಲ್ಲಿ ಪೌಂಡು, 'ಪ' ಇರಬೇಕಾದಲ್ಲಿ ಯೆನ್ನು,
'ಲ' ಅಂದರೆ ನೋಂದಾಯಿತ ಟ್ರೇಡ್‌ಮಾರ್ಕು,
'ಬಿ' ಅಂದರೆ ಕಾಪಿರೈಟಿನ ಸುತ್ತು.
ಫಾಂಟಿನ ವೇಷ ಕಳಚಿದರೆ ಇಷ್ಟೇ ಕಾಣುವುದು.
ಬಿತ್ತನೆ, ಬಿಡುಗಡೆ, ಬಿರಿಯಾನಿ, ಯಾವುದು ಬರೆದರೂ
ಯಾರೋ ಹಕ್ಕು ಕಾದಿರಿಸಿದ್ದರು.

ನನಗೆ ಓದಕ್ಕೆ ಬರುತ್ತದೆ. ಕಲಿತದ್ದಲ್ಲ,
ತಪ್ಪು ತಿದ್ದಿ ತಿದ್ದಿ ಅಂಟಿಕೊಂಡದ್ದು.
ಪರದೆಯ ಮೇಲೆ ಬೆರಳಿಟ್ಟು ಓದಿದೆ:
ದೊಡ್ಡತಾಯಮ್ಮ. 'ಅವ್ಳು ಓದ್ಲು.'
ಪುಟ್ಟಲಿಂಗಮ್ಮ. 'ಮಗಳ ಮನೇಲವ್ಳೆ, ಮದ್ದೂರಲ್ಲಿ.'
ಮಾದೇವಮ್ಮ. ಇದಕ್ಕೆ ಏನೂ ಹೇಳಲಿಲ್ಲ.
ಏಳನೇ ಸಾಲು: ತೂಗುವ ಒಂದು ಕೊಕ್ಕೆ, ನಡುವೆ ಒಂದು ಟಿ,
ಕೊನೆಗೆ ತಲೆಮೇಲೆ ಎರಡು ಚುಕ್ಕೆ ಹೊತ್ತ ಎ.
ಇಗೋ, ಇದು ನೀನು.

'ಇದಾ ನಾನು?'
ಕನ್ನಡಕ ತೆಗೆದಳು, ಹಾಕಿದಳು.
'ಗುಬ್ಬಚ್ಚಿ ಕೆರೆದಂಗೈತಲ್ಲವ್ವ.'

ಹನ್ನೊಂದು ಹೆಸರೂ ಹೊಸದಾಗಿ ಹೊಡೆದೆ,
ಈಗಿನ, ಎಲ್ಲರೂ ಒಪ್ಪಿದ್ದಾರೆ ಎನ್ನುವ ಅಕ್ಷರದಲ್ಲಿ.
ಹಳೇ ಪುಟವನ್ನೂ ಹಾಗೇ ಪ್ರಿಂಟು ತೆಗೆದು ಪಿನ್ನು ಹಾಕಿದೆ,
ಸೆಕ್ರೆಟರಿಗೆ ಓದಲು ಬಂದರೆ ಓದಲಿ.
'ಇದು ಎಷ್ಟೊರ್ಸ ಬಾಳಿಕೆ ಬತ್ತದೆ?' ಕೇಳಿದಳು,
ಹಸುವಿನ ಹಗ್ಗದ ಬಗ್ಗೆ ಕೇಳುವ ಹಾಗೆ.

ಪಿನ್ನು ಬಿಚ್ಚಿ
ಎರಡಕ್ಕೂ ಲ್ಯಾಮಿನೇಷನ್ ಮಾಡಿಕೊಟ್ಟೆ.